ಬ್ಯಾಕ್ಟೀರಿಯಾ ಕಟ್ಟಿದ ಮೂಳೆ ಪ್ರೋಟೀನು

ಕಾಸರಗೋಡಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದುತ್ತಿರುವ ಅಕ್ಕನ ಮಗಳು ಇವತ್ತು ಆಸ್ಟಿಯೋಕ್ಯಾಲ್ಸಿನ್ ಬಗ್ಗೆ ಅಚ್ಚ ಕನ್ನಡದಲ್ಲೇ ವಿವರಿಸಿದಳು, ಮನಸ್ಸು ತುಂಬಿತು. ಮೂಳೆ ಕಟ್ಟುವ ಕೋಶಗಳು ತಯಾರಿಸುವ ಈ ಪುಟ್ಟ ಪ್ರೋಟೀನಿನಲ್ಲಿರುವುದು 49 ಅಮೈನೋ ಆಮ್ಲಗಳು ಮಾತ್ರ. ಅದರ ಮಾನವ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದೇ ಅಮೈನೋ ಆಮ್ಲಗಳ ಸರಪಳಿ ಅಲ್ಲಿಯೂ ತಯಾರಾಗುತ್ತದೆ. ಆದರೆ ನಮ್ಮ ದೇಹದಲ್ಲಿ ವಿಟಮಿನ್ ಕೆ ನೆರವಿನಿಂದ 17, 21 ಮತ್ತು 24ನೆಯ ಸ್ಥಾನಗಳ ಗ್ಲುಟಾಮಿಕ್ ಆಮ್ಲಗಳಿಗೆ ಕಾರ್ಬಾಕ್ಸಿಲ್ ಗುಂಪನ್ನು ಜೋಡಿಸುವ ಕಿಣ್ವವು ಆ ಬ್ಯಾಕ್ಟೀರಿಯಾದಲ್ಲಿ ಇಲ್ಲವಾದ್ದರಿಂದ, ಹಾಗೆ ದೊರೆತ ಪ್ರೋಟೀನು ಮೂಳೆಯ ಕ್ಯಾಲ್ಸಿಯಮ್ಮನ್ನು ಸಹಜ ಪ್ರೋಟೀನಿನಷ್ಟು ಬಿಗಿಯಾಗಿ ಹಿಡಿಯಲಾರದು. ಹೀಗೆ ತಯಾರಿಸಿದ ಪ್ರೋಟೀನಿನ ಶೀಷೆಗಳ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುವುದನ್ನು ಬರಿಯ ಶಿಷ್ಟಾಚಾರವೆಂದು ತಿಳಿದಿದ್ದ ನನಗೆ, ಒಳಗಿರುವುದು ಯಾವ ರೂಪದ ಪ್ರೋಟೀನೆಂದು ಪ್ರಯೋಗಕ್ಕೆ ಮೊದಲೇ ಕೇಳಬೇಕೆನ್ನುವ ಅವಳ ನಿಷ್ಠುರತೆ ಬಹಳ ಹಿಡಿಸಿತು.