ಕೆಟಮಿನ್ ಕೊಟ್ಟ ಇಲಿಯ ಮೆದುಳಿನ ಅಲೆಗಳು: ಅಳೆಯುವಾಗ ಎಲ್ಲಿ ತಪ್ಪುತ್ತೇವೆ

ಅರಿವಳಿಕೆ ಔಷಧ ಕೆಟಮಿನ್ ಮೆದುಳನ್ನು ಮಂಕಾಗಿಸುತ್ತದೆ ಎಂದಷ್ಟೇ ಹೇಳಿದರೆ ವಿಷಯ ದಾರಿ ತಪ್ಪುತ್ತದೆ. ಅರಿವಳಿಕೆಗೆ ಸಾಲದಷ್ಟು ಕಡಿಮೆ ಕೊಟ್ಟಾಗ ಇಲಿಯ ಕಾರ್ಟೆಕ್ಸ್‌ನಲ್ಲಿ (ಮೆದುಳಿನ ಹೊರಪದರ) 30ರಿಂದ 80 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಅಷ್ಟು ಬಾರಿ ಮಿಡಿಯುವ, ಗ್ಯಾಮಾ ಅಲೆಗಳು ಜೋರಾಗುತ್ತವೆ. ಔಷಧ ನರಕೋಶಗಳು ಸಂದೇಶ ಪಡೆಯುವ ಎನ್‌ಎಂಡಿಎ ಗ್ರಾಹಕಗಳನ್ನು ಮುಚ್ಚುತ್ತದೆ. ಹೆಚ್ಚಿನವರು ಒಪ್ಪುವ ವಿವರಣೆಯಂತೆ ಮೊದಲು ಸೊರಗುವುದು ಇತರ ಕೋಶಗಳಿಗೆ ಕಡಿವಾಣ ಹಾಕುವ ಇಂಟರ್‌ನ್ಯೂರಾನ್‌ಗಳು. ಕಡಿವಾಣ ಸಡಿಲವಾದೊಡನೆ ಕಾರ್ಟೆಕ್ಸ್‌ನ ಮುಖ್ಯ ಪ್ರಚೋದಕ ನರಕೋಶಗಳಾದ ಪಿರಮಿಡ್ ಕೋಶಗಳ ಚಟುವಟಿಕೆ ಹೆಚ್ಚುತ್ತದೆ.

2020ರಲ್ಲಿ ಸ್ಟ್ಯಾನ್‌ಫರ್ಡ್‌ನ ನರವಿಜ್ಞಾನಿ ಕಾರ್ಲ್ ಡೈಸೆರಾತ್ ತಂಡ ಇದಕ್ಕೆ ಇನ್ನೊಂದು ಮುಖ ತೋರಿಸಿತು. ಕೆಟಮಿನ್ ಕೊಟ್ಟ ಇಲಿಯ ರೆಟ್ರೋಸ್ಪ್ಲೀನಿಯಲ್ ಕಾರ್ಟೆಕ್ಸ್‌ (ಕಾರ್ಟೆಕ್ಸ್‌ನ ಹಿಂಭಾಗದ ಒಂದು ಪ್ರದೇಶ) ಐದನೇ ಪದರದಲ್ಲಿ 1ರಿಂದ 3 ಹರ್ಟ್ಸ್‌ನ ನಿಧಾನ ಲಯ ಎದ್ದಿತ್ತು. ಬಿಸಿ ತಟ್ಟೆಯ ಮೇಲೆ ಬಿಟ್ಟ ಇಲಿ ಪಾದ ಕೊಡವುತ್ತಿತ್ತು, ಆದರೆ ನೋವಿಗೆ ಪಾದ ನೆಕ್ಕಿಕೊಳ್ಳುವುದು ಕಡಿಮೆಯಾಗಿತ್ತು. ಬಿಸಿ ತಾಗಿದ್ದು ಗೊತ್ತು, ಅದು ತನ್ನ ನೋವು ಎಂಬಂತೆ ನಡೆದುಕೊಳ್ಳುವುದಿಲ್ಲ. ಔಷಧವಿಲ್ಲದೆ, ಬೆಳಕಿಗೆ ಸ್ಪಂದಿಸುವಂತೆ ಮಾಡಿದ ಅದೇ ಪದರದ ಕೋಶಗಳನ್ನು ಬೆಳಕಿನಿಂದ 2 ಹರ್ಟ್ಸ್‌ಗೆ ಮಿಡಿಸಿದಾಗಲೂ ಇಂಥದೇ ನಡವಳಿಕೆ ಬಂತು. ಇಡೀ ಪ್ರಯೋಗದಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸುವುದು ಈ ಹೆಜ್ಜೆಯೇ.

ಪ್ರಮಾಣದ ಲೆಕ್ಕ ಸರಳ. ಮಿ.ಲೀ.ಗೆ 50 ಮಿ.ಗ್ರಾಂ ಇರುವ ಕೆಟಮಿನ್ ದ್ರಾವಣ 1 ಮಿ.ಲೀ. ತೆಗೆದು 9 ಮಿ.ಲೀ. ಸಲೈನ್ ಬೆರೆಸಿದರೆ ಮಿ.ಲೀ.ಗೆ 5 ಮಿ.ಗ್ರಾಂ ಆಗುತ್ತದೆ. 25 ಗ್ರಾಂ ತೂಕದ ಇಲಿಗೆ ಇದರಲ್ಲಿ 0.25 ಮಿ.ಲೀ. ಹೊಟ್ಟೆಯೊಳಗೆ ಚುಚ್ಚಿದರೆ ಕಿಲೋಗೆ 50 ಮಿ.ಗ್ರಾಂ.

ಕೆಡುವುದು ರೆಕಾರ್ಡಿಂಗ್‌ನಲ್ಲಿ. ನಿಧಾನದ ಅಲೆಗಳನ್ನು ತಡೆಯುವ ಹೈಪಾಸ್ ಫಿಲ್ಟರನ್ನು 3 ಹರ್ಟ್ಸ್‌ಗೆ ಇಟ್ಟರೆ ಹುಡುಕುತ್ತಿರುವ ಲಯವೇ ಸೋಸಿಹೋಗುತ್ತದೆ, 0.1ಕ್ಕೆ ಇಳಿಸಿ. ಸ್ಪೆಕ್ಟ್ರಮ್‌ಗೆ (ಯಾವ ಆವರ್ತನದಲ್ಲಿ ಎಷ್ಟು ಬಲವಿದೆ ಎಂಬ ಲೆಕ್ಕ) 1 ಸೆಕೆಂಡಿನ ತುಣುಕು ತೆಗೆದರೆ ಈ ಲಯದ ವ್ಯಾಪ್ತಿಯಲ್ಲಿ 1, 2, 3 ಹರ್ಟ್ಸ್ ಎಂದು ಮೂರೇ ಬಿಂದು ಸಿಗುತ್ತವೆ. 4 ಸೆಕೆಂಡಾದರೂ ಬೇಕು. ಉಸಿರಾಟದ ಲಯವೂ ಈ ಆವರ್ತನ ಪಟ್ಟಿಗೆ ನುಸುಳಬಹುದು, ಅದನ್ನು ಪ್ರತ್ಯೇಕ ಚಾನೆಲ್‌ನಲ್ಲಿ ಹಿಡಿಯಿರಿ.

ಗ್ಯಾಮಾ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಕಡಿಮೆ ಪ್ರಮಾಣದ ಕೆಟಮಿನ್ ಇಲಿಯನ್ನು ಸುಮ್ಮನೆ ಕೂರಲು ಬಿಡುವುದಿಲ್ಲ, ಓಡಾಟವೂ ಗ್ಯಾಮಾ ಏರಿಸುತ್ತದೆ, ದವಡೆ ಸ್ನಾಯುವಿನ ವಿದ್ಯುತ್ ಗದ್ದಲ ಗ್ಯಾಮಾದ ಪಟ್ಟಿಯಲ್ಲೇ ಬಂದು ಕೂರುತ್ತದೆ. ಹಾಗಾಗಿ ಕುತ್ತಿಗೆಯ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆಯ ದಾಖಲೆ) ಮತ್ತು ಇಲಿಯ ಓಡಾಟದ ವೇಗ ಎರಡನ್ನೂ ಬರೆದಿಡಿ, ಒಂದೇ ವೇಗದ ಕ್ಷಣಗಳನ್ನು ಮಾತ್ರ ಪರಸ್ಪರ ಹೋಲಿಸಿ. ಸೂಜಿಯ ಗಾಬರಿಯೇ ಅಲೆಗಳನ್ನು ಬದಲಿಸುವುದರಿಂದ ಅದೇ ಇಲಿಗೆ ಬೇರೊಂದು ದಿನ, ಅದೇ ಹೊತ್ತಿಗೆ, ಬರೀ ಸಲೈನ್ ಚುಚ್ಚಿ ರೆಕಾರ್ಡ್ ಮಾಡಬೇಕು.