ಹೃದಯಚೀಲದ ದ್ರವದಲ್ಲಿ ಉಳಿದ ಸಾಕ್ಷ್ಯ

ರಾತ್ರಿ ಊಟ ಮಾಡಿ ಮಲಗಿದವರು ಬೆಳಗ್ಗೆ ಏಳದಿದ್ದಾಗ, ಶವಪರೀಕ್ಷೆಯಲ್ಲಿ ಹೃದಯವನ್ನು ತೆರೆದು ನೋಡಿದರೂ ಎಷ್ಟೋ ಬಾರಿ ಕಣ್ಣಿಗೆ ಏನೂ ಕಾಣುವುದಿಲ್ಲ. ಏಕೆಂದರೆ ರಕ್ತಪೂರೈಕೆ ನಿಂತ ಕೆಲವೇ ನಿಮಿಷಗಳಲ್ಲಿ ಸಾವು ಬಂದಿದ್ದರೆ, ಸ್ನಾಯುವಿನ ಬಣ್ಣ ಬದಲಾಗಲು ಬೇಕಾದ ಗಂಟೆಗಳು ದೇಹಕ್ಕೆ ಸಿಕ್ಕಿರುವುದೇ ಇಲ್ಲ. ಇಂಥಲ್ಲಿ ನನಗೆ ಭರವಸೆ ಮೂಡಿಸುವುದು ಹೃದಯಚೀಲದೊಳಗಿನ, ಅಂದರೆ ಹೃದಯವನ್ನು ಸುತ್ತುವರಿದ ಪೊರೆಯೊಳಗಿನ, ತಿಳಿಹಳದಿ ದ್ರವ. ಘಾಸಿಗೊಂಡ ಹೃದಯಸ್ನಾಯುವಿನ ಕೋಶಗಳಿಂದ ಸೋರಿದ ಟ್ರೋಪೋನಿನ್ ಐ ಮತ್ತು ಟಿ ಪ್ರೋಟೀನುಗಳನ್ನು ಅದರಲ್ಲಿ ಅಳೆಯಬಹುದು.

ಆದರೆ ಜೀವಂತ ರೋಗಿಯಲ್ಲಿ ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ಪ್ರಮಾಣದ ಮಿತಿಗಳನ್ನು ಶವಕ್ಕೆ ಅನ್ವಯಿಸುವುದು ದೊಡ್ಡ ತಪ್ಪು. ಸಾವಿನ ನಂತರ ಕೋಶಗಳು ತಾವಾಗಿಯೇ ಕರಗುತ್ತ ಟ್ರೋಪೋನಿನ್ ಹೊರಬಿಡುತ್ತವೆ. ಜೀವ ಉಳಿಸಲೆಂದು ಎದೆಯೊತ್ತಿದ ಯತ್ನವೂ ಪ್ರಮಾಣವನ್ನು ಏರಿಸಬಹುದು. ಆದ್ದರಿಂದ ರಕ್ತದಲ್ಲೂ ಟ್ರೋಪೋನಿನ್ ಅಳೆಯುವುದಾದರೆ, ಆ ರಕ್ತವನ್ನು ಹೃದಯಕ್ಕಿಂತ ತೊಡೆಯ ರಕ್ತನಾಳದಿಂದ ತೆಗೆಯುವುದು ಮೇಲು. ಹೃದಯಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ಧಮನಿಗಳನ್ನು ಸುಮಾರು 3 ಮಿಲಿಮೀಟರಿಗೊಮ್ಮೆ ಅಡ್ಡ ಕೊಯ್ದು ನೋಡದೆ, ಬರೀ ಟ್ರೋಪೋನಿನ್‌ನ ಸಂಖ್ಯೆಯನ್ನು ನಂಬಿ ಹೃದಯಾಘಾತವೆಂದು ವರದಿಗೆ ಸಹಿ ಹಾಕುವುದನ್ನು ನಾನು ಒಪ್ಪಲಾರೆ.