ಗೋಡೆಯೊಳಗಿನ ಅಜ್ಜಿ

ಶಿಕ್ಷಕರ ತರಬೇತಿಯ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಪರೀಕ್ಷೆಯ ಒಂದು ಪ್ರಶ್ನೆಗೆ ಹತ್ತಕ್ಕೆ ಹತ್ತು ಕೊಟ್ಟವಳು ನಾನೇ. ಪ್ರಶ್ನೆ ಮಕ್ಕಳ ಎಕ್ಸ್‌ರೇ ಚಿತ್ರಗಳ ಬಗ್ಗೆ. ಮಗು ಮನೆಯನ್ನು ಹೊರಗಿನಿಂದ ಕಂಡಂತೆ ಬರೆಯುತ್ತದೆ, ಅದೇ ಗೋಡೆಯ ಮೇಲೆ ಒಳಗಿನ ಮಂಚ, ಮೇಜು, ಮನುಷ್ಯರನ್ನೂ ಬರೆದುಬಿಡುತ್ತದೆ, ಆ ಬಗೆಯ ಚಿತ್ರ. ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ 1927ರಲ್ಲೇ ವಿವರಿಸಿದ್ದನ್ನು ಆಕೆ ತನ್ನ ಮಾತಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದಳು: ಮಗು ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು ಬರೆಯುತ್ತದೆ, ಅದು ತಪ್ಪಲ್ಲ, ತಿದ್ದಬಾರದು. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಮಕ್ಕಳ ಚಿತ್ರಕಲೆಯಲ್ಲಿ ಗುರುತಿಸಿದ ಹಂತಗಳನ್ನೂ ಬಿಟ್ಟಿರಲಿಲ್ಲ. ಎರಡರಿಂದ ನಾಲ್ಕು ವರ್ಷದವರೆಗೆ ಗೀಚಾಟ, ಏಳರಿಂದ ಒಂಬತ್ತರ ಹೊತ್ತಿಗೆ ಪ್ರತಿಯೊಂದಕ್ಕೂ ಒಂದು ನಿಶ್ಚಿತ ರೂಪ, ಹಾಳೆಯ ಅಡಿಯಲ್ಲಿ ನೆಲವೆಂದು ಒಂದು ಗೆರೆ. ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದದ್ದೂ ನೆನಪಿದೆ.

ಮೂರು ವಾರ ಕಳೆದು ಶಾಲೆಯೊಂದರಲ್ಲಿ ಆಕೆಯ ಬೋಧನಾಭ್ಯಾಸ ಶುರುವಾಯಿತು. ನಾನು ಮೂರನೇ ತರಗತಿಯ ಕೊನೆಯ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿಕೊಂಡು, ವೀಕ್ಷಣಾ ನಮೂನೆ ಹಿಡಿದು ಕುಳಿತಿದ್ದೆ. ಪಾಠದ ವಿಷಯ ‘ನನ್ನ ಮನೆ’. ಆಕೆ ಕಪ್ಪುಹಲಗೆಯ ಮೇಲೆ ಚೆಂದದ ಮನೆಯೊಂದನ್ನು ಬರೆದಳು. ತ್ರಿಕೋನದ ಮಾಡು, ನಡುವೆ ಬಾಗಿಲು, ಆಚೆಗೊಂದು ಈಚೆಗೊಂದು ಕಿಟಕಿ. ‘ಈಗ ನಿಮ್ಮ ನಿಮ್ಮ ಮನೆ ಬರೆಯಿರಿ’ ಎಂದಳು. ಮಕ್ಕಳು ಜಾಣರು. ಯಾರ ಮನೆ ಬರೆಯಬೇಕೆಂದು ಅವರಿಗೆ ತಕ್ಷಣ ಗೊತ್ತಾಯಿತು.

ಒಬ್ಬಳು ಮಾತ್ರ ಹಾಗೆ ಮಾಡಲಿಲ್ಲ. ನನ್ನ ಮುಂದಿನ ಬೆಂಚಿನಲ್ಲೇ ಇದ್ದದ್ದರಿಂದ ಅವಳ ಹಾಳೆ ನನಗೆ ಪೂರ್ತಿ ಕಾಣುತ್ತಿತ್ತು. ಮೊದಲು ಮಂಚ ಬರೆದಳು. ಮಂಚದ ಮೇಲೆ ಅಜ್ಜಿ. ಅಜ್ಜಿಯ ತಲೆ ಮಂಚದಷ್ಟೇ ದೊಡ್ಡದು, ಕನ್ನಡಕ ಇನ್ನೂ ದೊಡ್ಡದು. ಆಮೇಲೆ ಅಜ್ಜಿಯ ಸುತ್ತ ಒಂದು ಚೌಕ ಎಳೆದು, ಅದರ ಮೇಲೆ ಮಾಡು ಇಟ್ಟಳು. ಅಂದರೆ ಆ ಮನೆಯನ್ನು ಕಟ್ಟಿದ್ದೇ ಅಜ್ಜಿಗಾಗಿ. ತರಗತಿಯಲ್ಲಿ ತೋರಿಸಲು ಇಂಥದ್ದೊಂದು ಉದಾಹರಣೆಗಾಗಿ ನಾನು ಎಷ್ಟು ಹಳೆಯ ಕಡತಗಳನ್ನು ಕೆದಕಿದ್ದೆನೋ!

ನಮ್ಮ ಹತ್ತಕ್ಕೆ ಹತ್ತು ಅಲ್ಲಿಗೆ ಬಂದು ಬಗ್ಗಿ ನೋಡಿದಳು. ಪ್ರೀತಿಯಿಂದಲೇ ಹೇಳಿದಳು, ‘ಗೋಡೆ ಇದ್ದರೆ ಒಳಗಿರುವವರು ಕಾಣುತ್ತಾರಾ ಪುಟ್ಟಿ?’ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ರಬ್ಬರ್ ಹುಡುಗಿಯದು, ಉಜ್ಜಿದ ಕೈ ಟೀಚರದು. ಅಜ್ಜಿಯ ಕನ್ನಡಕದ ಗುರುತು ಮಾತ್ರ ಹಾಳೆಯಲ್ಲಿ ತೆಳ್ಳಗೆ ಉಳಿಯಿತು.

ನಮೂನೆಯಲ್ಲಿ ಎಲ್ಲಕ್ಕೂ ಕಾಲಂಗಳಿದ್ದವು. ಸ್ಪಷ್ಟ ಧ್ವನಿ, ಕಪ್ಪುಹಲಗೆಯ ಬಳಕೆ, ಮಕ್ಕಳ ತಪ್ಪುಗಳನ್ನು ಗಮನಿಸಿ ತಿದ್ದುವಿಕೆ. ಆ ನಮೂನೆಯನ್ನು ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬಳು. ಪ್ರಾಮಾಣಿಕವಾಗಿ ತುಂಬಿದರೆ ಆಕೆಗೆ ಎಲ್ಲ ಕಾಲಂಗಳಲ್ಲೂ ಒಳ್ಳೆಯ ಅಂಕವೇ ಸಿಗುತ್ತಿತ್ತು.

ಪಾಠ ಮುಗಿದ ಮೇಲೆ ವರಾಂಡದಲ್ಲಿ ಮಾತಿಗೆ ಕುಳಿತೆವು. ನಾನು ಹೆಚ್ಚು ಹೇಳಬೇಕಾಗಲಿಲ್ಲ. ‘ಆ ಅಜ್ಜಿ...’ ಎನ್ನುತ್ತಿದ್ದಂತೆ ಆಕೆಯ ಮುಖ ಕೆಂಪಾಯಿತು. ‘ಅಯ್ಯೋ, ಅದು ಎಕ್ಸ್‌ರೇ ಚಿತ್ರ ಅಲ್ಲವೇ ಮೇಡಂ? ಪುಸ್ತಕದಲ್ಲಿದ್ದರೆ ಗುರುತಿಸುತ್ತಿದ್ದೆ’ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, ‘ಸರಿ, ತಿದ್ದಬಾರದಿತ್ತು. ಹಾಗಾದರೆ ಏನು ಹೇಳಬೇಕಿತ್ತು?’

ನಾನು ಬಾಯಿ ತೆರೆದೆ. ಮೊದಲು ಬಂದದ್ದು ‘ಮಗುವಿನ ಅಭಿವ್ಯಕ್ತಿಯನ್ನು ಪ್ರೋತ್ಸಾಹಿಸಬೇಕು’ ಎಂಬ ಮಾತು. ಅದು ಪಠ್ಯಕ್ರಮದ ಮಾತು. ಏಳೆಂಟು ವರ್ಷದ ಮಗುವಿನ ಪಕ್ಕ ಬಗ್ಗಿ ನಿಂತು ಯಾರೂ ಹಾಗೆ ಹೇಳುವುದಿಲ್ಲ. ಇಷ್ಟು ವರ್ಷ ಹಂತಗಳನ್ನು ಕಲಿಸಿದ್ದೆ, ಸಿದ್ಧಾಂತಿಗಳ ಹೆಸರು ಕಲಿಸಿದ್ದೆ, ವಿಯೆನ್ನಾದಲ್ಲಿ ಕಲಾವಿದ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳ ಚಿತ್ರತರಗತಿ ತೆರೆದ ಕಥೆಯನ್ನು ಕಣ್ಣರಳಿಸಿ ಹೇಳಿದ್ದೆ. ಮಗು ಹಾಳೆ ಎತ್ತಿ ತೋರಿಸಿದಾಗ ಬಾಯಲ್ಲಿ ಬರಬೇಕಾದ ಒಂದು ವಾಕ್ಯವನ್ನು ಕಲಿಸಿರಲಿಲ್ಲ.

ಮರುವಾರ ಎರಡು ಗಂಟೆಯ ತರಗತಿಯನ್ನು ಅದಕ್ಕೇ ಇಟ್ಟೆ. ನನ್ನ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಕೂರಿಸಿ, ಒಬ್ಬರು ಮಗು, ಇನ್ನೊಬ್ಬರು ಟೀಚರ್ ಎಂದೆ. ಮಗುವಾದವರು ಚಿತ್ರ ಬರೆದು ತೋರಿಸಬೇಕು. ಚಿತ್ರಗಳಿಗೆ ಅಂಥ ನಟನೆಯೇನೂ ಬೇಕಾಗಲಿಲ್ಲ. ನಮ್ಮಲ್ಲಿ ಹೆಚ್ಚಿನವರ ಚಿತ್ರಕಲೆ ಹತ್ತು ಹನ್ನೆರಡರ ವಯಸ್ಸಿಗೇ ನಿಂತಿರುತ್ತದೆ. ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂದು ಪ್ರತಿ ವರ್ಷ ಮೊದಲ ದಿನವೇ ಹೇಳುವವರಲ್ಲಿ ಎಷ್ಟೋ ಮಂದಿಗೆ, ಅದು ಬರುವುದಿಲ್ಲವೆಂದು ಯಾರು ಹೇಳಿದರು, ಯಾವ ತರಗತಿಯಲ್ಲಿ ಹೇಳಿದರು ಎನ್ನುವುದೂ ನೆನಪಿರುತ್ತದೆ.

‘ಚೆನ್ನಾಗಿದೆ’ ಎನ್ನುವುದನ್ನು ಮೊದಲು ನಿಷೇಧಿಸಿದೆ. ತರಗತಿ ಅರ್ಧ ನಿಮಿಷ ಮೂಕವಾಯಿತು. ಮೂವತ್ತು ಮಕ್ಕಳಿಗೆ ಮೂವತ್ತು ಬಾರಿ ಹೇಳಿದ ‘ಚೆನ್ನಾಗಿದೆ’ ರಬ್ಬರ್ ಸ್ಟಾಂಪಿನ ಹಾಗೆ; ಮಗು ಅದನ್ನು ಪಡೆದುಕೊಂಡು ಹೊರಟುಹೋಗುತ್ತದೆ, ಮಾತು ಅಲ್ಲಿಗೆ ಮುಗಿಯಿತು. ಅದಿಲ್ಲದಿದ್ದರೆ ಎಲ್ಲರೂ ಹಿಡಿದ ಎರಡನೇ ದಾರಿ ‘ಇದೇನು?’ ಎಂಬ ಪ್ರಶ್ನೆ. ಕೇಳಲು ಸಾಧುವಾದ ಪ್ರಶ್ನೆಯೇ. ಆದರೆ ಮಗುವಿನ ಪಾತ್ರದಲ್ಲಿದ್ದ ಹುಡುಗನೊಬ್ಬ, ಗಣಿತದ ಪದವೀಧರ, ಗಡ್ಡ ಬಿಟ್ಟವನು, ಈ ಪ್ರಶ್ನೆಗೆ ನಿಜಕ್ಕೂ ಮುನಿಸಿಕೊಂಡ. ‘ಆನೆ ಎಂದು ಗೊತ್ತಾಗುವುದಿಲ್ಲವೇ!’ ಎಂದು ಹಾಳೆ ಮಗುಚಿಟ್ಟ. ಎಲ್ಲರೂ ನಕ್ಕರು, ಅವನು ನಗಲಿಲ್ಲ. ‘ಇದೇನು’ ಎಂದು ಕೇಳಿದರೆ ನನ್ನ ಆನೆ ಆನೆಯ ಹಾಗಿಲ್ಲ ಎಂದೇ ಅರ್ಥ ಎಂದ. ಆ ಒಂದು ಸಿಟ್ಟು ನನ್ನ ಟಿಪ್ಪಣಿಗಳ ಎಷ್ಟೋ ಪುಟಗಳಿಗೆ ಸಮ.

ತುಂಬಾ ತಡಕಾಡಿದ ಮೇಲೆ ಕೈಗೆ ಸಿಕ್ಕಿದ್ದು ತೀರ ಸರಳವಾದದ್ದು. ಕಂಡದ್ದನ್ನು ಕಂಡಂತೆ ಹೇಳಿ, ಸುಮ್ಮನಾಗುವುದು. ‘ಇಲ್ಲಿ ಗೆರೆ ತುಂಬ ದಪ್ಪ ಬಂದಿದೆ.’ ‘ಇವರ ಕನ್ನಡಕ ಎಷ್ಟು ದೊಡ್ಡದಿದೆ.’ ಉಳಿದದ್ದನ್ನು ಮಗುವೇ ಹೇಳುತ್ತದೆ, ಹೇಳದಿದ್ದರೂ ನಷ್ಟವಿಲ್ಲ. ಹೇಳುವುದು ಎಲ್ಲರಿಗೂ ಬೇಗ ಬಂತು, ಸುಮ್ಮನಾಗುವುದು ಮಾತ್ರ ಕೊನೆಯವರೆಗೂ ಬರಲಿಲ್ಲ. ನನಗೂ ಅಷ್ಟೆ.

ಅದೇ ಮೂರನೇ ತರಗತಿಗೆ ಎರಡನೇ ಬಾರಿ ಹೋದಾಗ ಆಕೆ ಕಪ್ಪುಹಲಗೆಯ ಹತ್ತಿರವೂ ಸುಳಿಯಲಿಲ್ಲ. ಮನೆಯಲ್ಲಿ ಬೆಳಿಗ್ಗೆ ಯಾರು ಮೊದಲು ಏಳುತ್ತಾರೆ, ಯಾವ ಬಾಗಿಲು ಕಿರುಗುಟ್ಟುತ್ತದೆ, ಮಳೆ ಬಂದರೆ ಎಲ್ಲಿ ಕೂರುತ್ತೀರಿ ಎಂದು ಮಾತಾಡಿಸಿ, ನಂತರ ಹಾಳೆ ಹಂಚಿದಳು. ಪಾಠ ಸೊಗಸಾಗಿತ್ತು. ನಾನು ಎದ್ದು ಸಾಲುಗಳ ನಡುವೆ ನಡೆದೆ. ಹೆಚ್ಚಿನ ಹಾಳೆಗಳಲ್ಲಿ ತ್ರಿಕೋನದ ಮಾಡು, ನಡುವೆ ಬಾಗಿಲು, ಆಚೆಗೊಂದು ಈಚೆಗೊಂದು ಕಿಟಕಿ. ಹಲಗೆಯ ಮೇಲೆ ಒಮ್ಮೆ ಬರೆದ ಮನೆ ಅಲ್ಲಿಂದ ಅಳಿಸಿಹೋಗಿತ್ತು, ಇಲ್ಲಿಂದ ಅಳಿಸಿರಲಿಲ್ಲ.

ಆ ಹುಡುಗಿಯದೂ ಅದೇ ಮನೆ. ಗೋಡೆಗೆ ಕ್ರೇಯಾನ್ ಒತ್ತಿ ಒತ್ತಿ, ಬಿಳಿ ಒಂದಿಷ್ಟೂ ಕಾಣದ ಹಾಗೆ ಬಣ್ಣ ತುಂಬಿದ್ದಳು. ಆಕೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ‘ಗೋಡೆಗೆ ತುಂಬ ಗಟ್ಟಿಯಾಗಿ ಬಣ್ಣ ಹಚ್ಚಿದ್ದೀಯ’ ಎಂದಳು. ಮತ್ತೆ ಸುಮ್ಮನಾದಳು. ಬಹಳ ಹೊತ್ತು ಸುಮ್ಮನಿದ್ದಳು, ನನಗೇ ಸಂಕಟವಾಗುವಷ್ಟು.

‘ಒಳಗೆ ಅಜ್ಜಿ ಇದ್ದಾಳೆ’ ಎಂದಳು ಹುಡುಗಿ, ಕ್ರೇಯಾನ್ ನಿಲ್ಲಿಸದೆ. ‘ಗೋಡೆ ಇದೆಯಲ್ಲ, ಅದಕ್ಕೆ ಕಾಣುವುದಿಲ್ಲ.’